ದೋಣಿಯ ಮುಂದಿನ ಜಾಗ

ಹೊಸದುರ್ಗದ ಕೊಬ್ಬರಿ ವ್ಯಾಪಾರಿ ಶಿವಕುಮಾರಪ್ಪನ ಮನೆಯಲ್ಲಿ ಮೀನು ಹಿಡಿಯುವುದಕ್ಕೂ ಪಂಚಾಂಗ ನೋಡಿದರು. ನೋಡಿದ್ದು ಒಳ್ಳೆಯ ದಿನವನ್ನು ಆರಿಸುವುದಕ್ಕಲ್ಲ, ಒಳ್ಳೆಯ ದಿನಗಳನ್ನೆಲ್ಲ ಬಿಡುವುದಕ್ಕೆ. ಸೋಮವಾರ ಕೂಡದು. ಅಮಾವಾಸ್ಯೆ, ಹುಣ್ಣಿಮೆ ಕೂಡದು. ಶಿವರಾತ್ರಿಯ ಹಿಂದುಮುಂದು ಕೂಡದು. ಮಠದಲ್ಲಿ ಸಭೆಯಿರುವ ವಾರವಂತೂ ಸುತರಾಂ ಕೂಡದು, ಯಾಕೆಂದರೆ ಶಿವಕುಮಾರಪ್ಪ ಭಕ್ತರ ಸಮಿತಿಯಲ್ಲಿದ್ದ. ಹಣೆಯ ತುಂಬ ವಿಭೂತಿ ಧರಿಸಿ ಮೊದಲ ಸಾಲಿನಲ್ಲಿ ಕೂರುವ ಮನುಷ್ಯ. ಹೀಗೆ ಪುಣ್ಯದ ದಿನಗಳನ್ನೆಲ್ಲ ಸೋಸಿ ತೆಗೆದ ಮೇಲೆ ಉಳಿದದ್ದು ಯಾವ ದೇವರ ಹೆಸರೂ ಇಲ್ಲದ ಒಂದು ಭಾನುವಾರ. ಅದನ್ನೇ ಗಟ್ಟಿ ಮಾಡಿದರು.

ಅಡುಗೆಮನೆಯ ಹೊಸ್ತಿಲ ಬಳಿ ಕೂತು ತೊಗರಿಬೇಳೆ ಆರಿಸುತ್ತಿದ್ದ ಸಿದ್ದಕ್ಕನ ಕಿವಿಗೆ ಇದೆಲ್ಲ ಬೀಳುತ್ತಲೇ ಇತ್ತು. ಆಕೆ ಶಿವಕುಮಾರಪ್ಪನ ಅಕ್ಕ. ಮದುವೆಯಾದ ಎರಡನೆಯ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬಂದ ಹೊಸದರಲ್ಲೇ ತಾಯಿ ಕೊನೆಯ ಮಗನನ್ನು ಹೆತ್ತು ಕಣ್ಣು ಮುಚ್ಚಿದಳು. ಆ ಕೂಸು ಗುರುರಾಜ. ಹುಟ್ಟಿದ ಕೂಸಿಗೆ ಲಿಂಗ ಕಟ್ಟಲು ಸ್ವಾಮಿಗಳು ಬಂದಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತವಳು ಸಿದ್ದಕ್ಕ. ಅವತ್ತಿನಿಂದ ಆಕೆಯ ಮಡಿಲು ಬರಿದಾಗಲಿಲ್ಲ. ಗುರುರಾಜ ದೊಡ್ಡವನಾಗಿ ಅಣ್ಣನ ಕೊಬ್ಬರಿ ಮಂಡಿಯಲ್ಲಿ ಕೂರುವಷ್ಟರಲ್ಲಿ ಶಿವಕುಮಾರಪ್ಪನ ಹೆಂಡತಿ ತೀರಿಕೊಂಡಳು. ಅವಳ ಮಗಳು ತೇಜಸ್ವಿನಿಯೂ ಅದೇ ಮಡಿಲಿಗೆ ಬಂದಳು.

ಸಿದ್ದಕ್ಕನಿಗೆ ಓದು ಅಷ್ಟಕ್ಕಷ್ಟೆ. ಆದರೆ ತಂದೆ ಬೆಳಗಿನ ಪೂಜೆಯಲ್ಲಿ ಹೇಳುತ್ತಿದ್ದ ವಚನಗಳನ್ನೆಲ್ಲ ಕಿವಿಯಿಂದಲೇ ಕಲಿತಿದ್ದಳು. ಬೇಳೆ ಆರಿಸುವಾಗ, ರೊಟ್ಟಿ ಬಡಿಯುವಾಗ ತುಟಿ ಅದರಷ್ಟಕ್ಕೆ ಅದು ಆಡುತ್ತಿತ್ತು. ಮನೆಯವರಿಗೆ ಅದು ಫ್ಯಾನಿನ ಸದ್ದಿನ ಹಾಗೆ, ಇದ್ದರೂ ಕೇಳಿಸುತ್ತಿರಲಿಲ್ಲ.

ಆ ಹೊತ್ತಿಗೆ ಗುರುರಾಜ ಎದ್ದು ಬಂದು ಆಕೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ನಲವತ್ತಾದರೂ ಅಕ್ಕನ ಹತ್ತಿರ ಬಂದರೆ ಅವನ ದನಿಗೆ ಏಳು ವರ್ಷ. ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದಿರುವುದನ್ನೂ, ಹಿನ್ನೀರಿನ ಕಡೆ ಬೀರಪ್ಪನೆಂಬುವನೊಬ್ಬ ಇಂಜಿನ್ ದೋಣಿ ಇಟ್ಟುಕೊಂಡು ದಿನಪೂರ್ತಿ ಬಾಡಿಗೆಗೆ ಕೊಡುವುದನ್ನೂ, ಗಾಳ ಹಾಕಿ ಮೀನು ಹಿಡಿಯುವ ಆಟ ಈಗ ದೊಡ್ಡ ದೊಡ್ಡವರೆಲ್ಲ ಆಡುವುದನ್ನೂ ಒಂದೇ ಉಸಿರಿಗೆ ಹೇಳಿದ.

"ನೀನೂ ಬಾ ಅಕ್ಕ. ದೋಣಿ ಆರು ಜನಕ್ಕೆ ಐತೆ. ನಾವು ಐದು, ಬೀರಪ್ಪ ಒಬ್ಬ. ಮುಂದಿನ ಜಾಗ ನಿಂದೇ."

ಸಿದ್ದಕ್ಕನ ಬೆರಳು ಮೊರದಲ್ಲೇ ನಿಂತಿತು. ಸಣ್ಣವಳಿದ್ದಾಗ ತಂದೆಯ ಜೊತೆ ಯಲ್ಲದಕೆರೆಯ ನೆಂಟರ ಮನೆಗೆ ಹೋಗಿ ಬರುವಾಗ ಕಟ್ಟೆಯ ಮೇಲೆ ನಿಂತು ಆ ನೀರು ನೋಡಿದ್ದಳು. ದೂರದಲ್ಲಿ ಒಂದು ತೆಪ್ಪ ಹೋಗುತ್ತಿತ್ತು. ಅದರೊಳಗಿದ್ದವರಿಗೆ ಸುತ್ತ ನೀರು ಬಿಟ್ಟರೆ ಏನೂ ಕಾಣುವುದಿಲ್ಲವೇನೋ, ಆಗ ಮನಸ್ಸಿಗೆ ಹೇಗಾಗುತ್ತದೋ ಎಂದು ಕೇಳಿದ್ದಕ್ಕೆ, ಮುಂದಿನ ಸಲ ಬಂದಾಗ ಕೂರಿಸುತ್ತೇನೆಂದು ತಂದೆ ಹೇಳಿದ್ದ. ಆ ಮುಂದಿನ ಸಲ ಬರಲೇ ಇಲ್ಲ. ಅದನ್ನು ಆಕೆ ಯಾರಿಗೂ ಹೇಳಿದವಳಲ್ಲ. ಗುರುರಾಜನಿಗೆ ಮಾತ್ರ, ಅವನು ಜ್ವರದಲ್ಲಿ ಮಲಗಿದ್ದಾಗ ಕತೆ ಸಾಲದೆ ಬಂದು ಒಮ್ಮೆ ಹೇಳಿದ್ದಳು. ಅದನ್ನು ಅವನು ನೆನಪಿಟ್ಟುಕೊಂಡಿದ್ದಾನೆ ಎನ್ನಿಸಿ ಕಣ್ಣು ಒದ್ದೆಯಾಯಿತು.

"ಜೀವ ತೆಗೀತೀರೇನಪ್ಪ?" ಎಂದು ಕೇಳಿದಳು.

"ಅಯ್ಯೋ, ಇಲ್ಲಕ್ಕ. ಹಿಡಿಯೋದು, ಫೋಟೋ ತೆಗ್ಯೋದು, ನೀರಿಗೆ ಬಿಡೋದು. ಆಟ ಅಷ್ಟೆ."

ತಮ್ಮಂದಿರು ಹೊರಗೆ ಹೋದಾಗ ಏನೇನು ತಿನ್ನುತ್ತಾರೆ ಎಂಬುದು ಸಿದ್ದಕ್ಕನಿಗೆ ತಿಳಿಯದ್ದೇನಲ್ಲ. ದಾವಣಗೆರೆಗೆ ಹೋಗಿ ಬಂದ ರಾತ್ರಿ ಅಂಗಿಗೆ ಅಂಟಿ ಬರುವ ವಾಸನೆಯನ್ನು ಆಕೆಯೇ ತಾನೇ ಒಗೆದು ತೆಗೆಯುವವಳು. ಅವರು ಹೇಳುತ್ತಿರಲಿಲ್ಲ, ಇವಳು ಕೇಳುತ್ತಿರಲಿಲ್ಲ, ಮನೆ ನಡೆಯುತ್ತಿತ್ತು. ಆದರೆ ಇದು ಮನೆ ಮಂದಿಯೆಲ್ಲ ಹೋಗುವ ದಿನ. ತನ್ನನ್ನು ಕೂರಿಸಿಕೊಂಡು ಹೋಗುವ ದೋಣಿಯಲ್ಲಿ ಹಾಗೇನೂ ಆಗಲಾರದು ಎಂದುಕೊಂಡಳು.

ಆ ವಾರವೆಲ್ಲ ಮನೆಯಲ್ಲಿ ಅದೇ ಮಾತು. ಗುರುರಾಜನ ಹೆಂಡತಿ ರೇಣುಕಾ ಫೋನಿನಲ್ಲಿ ತರಿಸಿದ ಗಾಳದ ಕೋಲುಗಳು ಬಂದವು. ಅವುಗಳ ಉದ್ದನೆಯ ರಟ್ಟಿನ ಡಬ್ಬಿಯನ್ನು ದೇವರ ಮನೆಯ ಕಡೆಗೆ ತರಬೇಡಿ ಎಂದು ಶಿವಕುಮಾರಪ್ಪ ಗದರಿದ. ಹಿರಿಯೂರಿನಿಂದ ಜನ ಬರುವ ಕಟ್ಟೆಯ ಕಡೆ, ಪಾರ್ಕಿನ ಕಡೆ ಬೇಡವೆಂದೂ, ಹಿನ್ನೀರಿನ ಆಚೆ ದಡವೇ ಇರಲೆಂದೂ ಅವನೇ ತೀರ್ಮಾನಿಸಿದ. ಗದ್ದಲದಲ್ಲಿ ಅಕ್ಕನಿಗೆ ತೊಂದರೆಯಾಗುತ್ತದೆ ಎಂದು ಕಾರಣ ಕೊಟ್ಟ. ಸಿದ್ದಕ್ಕನಿಗೆ ಅದೂ ಹಿತವಾಯಿತು. ಇಷ್ಟು ವರ್ಷದಲ್ಲಿ ತನ್ನ ಅನುಕೂಲ ನೋಡಿ ಈ ಮನೆಯಲ್ಲಿ ಯಾರೂ ಒಂದು ಹಾದಿ ಆರಿಸಿದ್ದು ಆಕೆಗೆ ನೆನಪಿರಲಿಲ್ಲ.

ಒಂದು ಸಲ, ನೀರು ಕಂಡರೆ ತನಗೆ ತಲೆ ತಿರುಗಬಹುದು, ಮನೆಯಲ್ಲೇ ಇರುತ್ತೇನೆ ಎಂದು ಸುಮ್ಮನೆ ಬಾಯಿಮಾತಿಗೆ ಹೇಳಿದಳು. ಕರೆಯಿಸಿಕೊಳ್ಳುವ ಆಸೆ ಯಾರಿಗಿರುವುದಿಲ್ಲ? ಶಿವಕುಮಾರಪ್ಪ ತಿನ್ನುತ್ತಿದ್ದ ಕೈ ನಿಲ್ಲಿಸಿ, ನೀನು ಬರದಿದ್ದರೆ ಹೋಗುವುದೇ ಇಲ್ಲ ಎಂದ. ಅಷ್ಟು ಖಡಾಖಂಡಿತವಾಗಿ ಅವನು ಅಂದದ್ದು ಕೇಳಿ ಸಿದ್ದಕ್ಕ ಆ ರಾತ್ರಿ ಊಟವನ್ನೇ ಮರೆತಳು.

ಭಾನುವಾರ ಕೋಳಿ ಕೂಗುವ ಮೊದಲೇ ಎದ್ದು ಸ್ನಾನ, ಪೂಜೆ ಮುಗಿಸಿ ಒಲೆ ಹಚ್ಚಿದಳು. ಚಪಾತಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ, ಮೇಲೆ ಒಂದಿಷ್ಟು ಹೋಳಿಗೆ. ರೇಣುಕಾ ಬಂದು ನೋಡಿ, ಇಷ್ಟೊಂದು ಯಾಕೆ ಅಕ್ಕ, ಸ್ವಲ್ಪ ಕಡಿಮೆ ಮಾಡಬೇಕಿತ್ತು, ಉಳಿದುಬಿಡುತ್ತದೆ ಎಂದಳು. ನೀರಿನ ಗಾಳಿಗೆ ಹಸಿವು ಜಾಸ್ತಿ ಎಂದು ಸಿದ್ದಕ್ಕ ನಕ್ಕಳು.

ಕಾರಿನಲ್ಲಿ ತೇಜಸ್ವಿನಿ ಆಕೆಯ ಪಕ್ಕವೇ ಕೂತಳು. ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದುಕೊಂಡು ಓದುವ ಹುಡುಗಿ; ವಚನ ಹೇಳುವ ಸ್ಪರ್ಧೆಯೆಂದರೆ ಬಹುಮಾನವಿಲ್ಲದೆ ಬಂದವಳಲ್ಲ. ಅವಳಿಗೆ ಕಲಿಸಿದ್ದು ಸಿದ್ದಕ್ಕ. ಒಂದು ಹೇಳಮ್ಮ ಎಂದು ಶಿವಕುಮಾರಪ್ಪ ಸ್ಟಿಯರಿಂಗಿನ ಹಿಂದಿನಿಂದ ಕೇಳಿದಾಗ ಹುಡುಗಿ ಕಿವಿಯ ವೈರು ತೆಗೆದು, ಕಣ್ಣು ಮುಚ್ಚಿ, ಒಂದು ಪದವೂ ತಪ್ಪದೆ ಹೇಳಿದಳು. ಅಪ್ಪ ಬೆರಳಿನಲ್ಲಿ ತಾಳ ಹಾಕಿದ. ಯಾವ ಪದ ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೇ ತೆಗೆದುಕೊಂಡಿತು. ಇವಳೊಬ್ಬಳಿಗಾದರೂ ಉಳಿಯಿತಲ್ಲ ಎಂದು ಸಿದ್ದಕ್ಕ ಹುಡುಗಿಯ ಬೆನ್ನು ಸವರಿದಳು.

ದಡ ತಲುಪಿದಾಗ ಬಿಸಿಲು ಇನ್ನೂ ಎಳೆಯದು. ಗುಡ್ಡದ ಬುಡದವರೆಗೂ ನೀರು ಬಂದು ನಿಂತಿತ್ತು. ಜಾಲಿಮರಗಳು ಸೊಂಟದ ಮಟ್ಟಕ್ಕೆ ಮುಳುಗಿದ್ದವು. ಬೀರಪ್ಪ ಕುರಿ ಕಾಯುವ ಮನೆತನದವನು, ಕುರಿ ಮಾರಿ ದೋಣಿ ಕೊಂಡವನು. ಅವನ ಹೆಂಡತಿ ಬೊಮ್ಮಕ್ಕ ಮೂರು ಕಲ್ಲಿನ ಒಲೆ ಹೂಡಿ ಪಕ್ಕದಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ ಅರೆಯುತ್ತಿದ್ದಳು. ಅವರ ಮನೆಯ ಅಡುಗೆಗೆ ಅರೆಯುತ್ತಿದ್ದಾಳೆ ಎಂದು ಸಿದ್ದಕ್ಕ ತಿಳಿದಳು. ಆದರೆ ಅರೆಯುತ್ತಿದ್ದುದು ಒಂದು ಮದುವೆಗಾಗುವಷ್ಟಿತ್ತು.

ದೋಣಿ ನೀರಿಗೆ ಬಿಟ್ಟದ್ದಾಯಿತು. ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ಬೀರಪ್ಪ ಹೊರಗೆ ತಂದಿಟ್ಟ. ಸಿದ್ದಕ್ಕ ಸೀರೆಯ ನೆರಿಗೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ನೀರಿಗೆ ಕಾಲಿಡಲು ಬಂದಳು. ಆಗ ಗುರುರಾಜ ಎದುರಿಗೆ ಬಂದು ನಿಂತ. ಅಂಗಿಯ ಗುಂಡಿ ಬಿಚ್ಚಿ, ಕೊರಳಿನ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಬೆಳ್ಳಿಯ ಕರಡಿಗೆಯ ಸಮೇತ ಲಿಂಗವನ್ನು ಅಕ್ಕನ ಅಂಗೈಯಲ್ಲಿಟ್ಟ. ಕರಡಿಗೆ ಇನ್ನೂ ಅವನ ಎದೆಯ ಬಿಸಿಯಲ್ಲೇ ಇತ್ತು.

ಸಿದ್ದಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಒಲೆಯ ಕಡೆ ನೋಡಿದಳು, ಅರೆಯುವ ಕಲ್ಲಿನ ಕಡೆ ನೋಡಿದಳು, ತಮ್ಮನ ಬರಿಗೊರಳು ನೋಡಿದಳು.

"ನೀರಿಗೆ ಬಿಡೋ ಮೀನಿಗೆ ಲಿಂಗ ಯಾಕಪ್ಪ ತೆಗೀಬೇಕು?"

ಗುರುರಾಜ ಗಾಳದ ಕೋಲು ಸರಿಮಾಡಲು ಬಗ್ಗಿದ. ಅಷ್ಟರಲ್ಲಿ ಶಿವಕುಮಾರಪ್ಪನೂ ಬಂದ. ಅವನು ಕೊಡುವಾಗ ಕಣ್ಣಿಗೊತ್ತಿಕೊಂಡು ಕೊಟ್ಟ. ರೇಣುಕಾ ತನ್ನದನ್ನು ಕರ್ಚೀಫಿನಲ್ಲಿ ಸುತ್ತಿ ಕೊಟ್ಟಳು. ಸಿದ್ದಕ್ಕ ಒಂದೊಂದನ್ನೂ ಸೆರಗಿನಲ್ಲಿಟ್ಟುಕೊಳ್ಳುತ್ತ ಹೋದಳು. ಬೇರೇನು ಮಾಡುವುದು? ಲಿಂಗವನ್ನು ಕೈಯಲ್ಲಿಟ್ಟರೆ ಬೇಡವೆನ್ನುವ ಬಾಯಿ ಆಕೆಗಿರಲಿಲ್ಲ. ಎಲ್ಲರೂ ಕೊಟ್ಟ ಮೇಲೆ ತೇಜಸ್ವಿನಿ ಓಡಿ ಬಂದು, ತಲೆಯ ಕ್ಲಿಪ್ಪು ತೆಗೆದುಕೊಡುವಷ್ಟು ಹಗುರವಾಗಿ ತನ್ನದನ್ನೂ ತೆಗೆದು ಸೆರಗಿಗೆ ಹಾಕಿದಳು.

"ನೀನೂನಾ ತೇಜು?"

"ಒಂದೇ ದಿನ ಅತ್ತೆ. ನೀನು ಇದೀಯಲ್ಲ."

ಅದೇ ಬಾಯಿ. ಒಂದು ಗಂಟೆಯ ಹಿಂದೆ ಕಾರಿನಲ್ಲಿ ಒಂದು ಪದ ತಪ್ಪದೆ ಹೇಳಿದ ಅದೇ ಬಾಯಿ. ಸಿದ್ದಕ್ಕ ತಲೆ ತಗ್ಗಿಸಿ ಸೆರಗನ್ನು ಸೊಂಟಕ್ಕೆ ಬಿಗಿದಳು. ಆದರೂ ಒಂದು ಆಸೆ ಇನ್ನೂ ಜೀವ ಹಿಡಿದುಕೊಂಡಿತ್ತು. ಇವರು ಏನಾದರೂ ಮಾಡಿಕೊಳ್ಳಲಿ, ದೋಣಿಯಲ್ಲಿ ಕೂತು ನೀರಿನ ಕಡೆ ಮುಖ ಮಾಡಿದರೆ ಆಯಿತು ಎಂದು ಆ ದಡದ ಕೆಸರಲ್ಲಿ ಎರಡು ಹೆಜ್ಜೆ ಇಟ್ಟಳು.

ಶಿವಕುಮಾರಪ್ಪ ಕೈ ಅಡ್ಡ ಹಿಡಿದ. "ನೀನು ಎಲ್ಲಿಗೆ ಅಕ್ಕ? ಲಿಂಗ ಇಟ್ಕಂಡು ಮೀನಿನ ದೋಣಿ ಹತ್ತಂಗಿಲ್ಲ."

"ಮುಂದಿನ ಜಾಗ ನಂದು ಅಂದಿದ್ನಲ್ಲ ಗುರು."

ಗುರುರಾಜ ಆಗಲೂ ಮುಖ ಎತ್ತಲಿಲ್ಲ. ಉತ್ತರ ಬಂದದ್ದು ರೇಣುಕಾಳಿಂದ. ಅವಳು ಕೆಟ್ಟವಳಲ್ಲ, ನಗೆಚಾಟಿಕೆಯ ಹೆಣ್ಣು. "ಹೋದ ವರ್ಷ ಲಾಡ್ಜಿನಾಗೆ ದಿಂಬಿನ ಕೆಳಗೆ ಇಟ್ಟು ಮರ್ತು ಬಂದ್ರಲ್ಲಕ್ಕ ನಿಮ್ಮ ತಮ್ಮ. ಅದಕ್ಕೇ ಈ ಸರಿ ಅಕ್ಕ ಇಲ್ದೆ ಹೋಗಾಣಿಲ್ಲ ಅಂತ ಭಾವಾರು ಮೊದ್ಲೇ ಹೇಳಿದ್ರು."

ಹೋದ ವರ್ಷ ಗುರುರಾಜನ ಲಿಂಗ ಕಳೆದಾಗ, ಹೊಳೆಯಲ್ಲಿ ಸ್ನಾನ ಮಾಡುವಾಗ ದಾರ ಹರಿಯಿತು ಎಂದು ಮನೆಗೆ ಬಂದು ಹೇಳಿದ್ದ. ಲಿಂಗ ಕಳೆದುಕೊಂಡವನು ಸತ್ತವನಿಗೆ ಸಮ ಎಂದು ನಂಬಿದ ಮನೆ. ಸಿದ್ದಕ್ಕ ಅನ್ನ ಬಿಟ್ಟಿದ್ದಳು. ಮಠಕ್ಕೆ ಹೋಗಿ ಗುರುಗಳ ಮುಂದೆ ಕೂತು, ನನ್ನ ಕೂಸು ತಿಳಿದು ಮಾಡಿದ್ದಲ್ಲ ಎಂದು ಅತ್ತು, ಅವನಿಗೆ ಹೊಸ ಲಿಂಗ ಕಟ್ಟಿಸಿಕೊಂಡು ಬಂದಿದ್ದಳು. ಈಗ ಸೆರಗಿನಲ್ಲಿರುವುದು ಅದೇ ಲಿಂಗ.

ದೋಣಿ ಗುಡುಗುಟ್ಟಿ ಹೊರಟಿತು. ಮುಂದಿನ ಜಾಗದಲ್ಲಿ ಬುತ್ತಿಯ ಚೀಲವಲ್ಲ, ಬೀರಪ್ಪನ ಐಸ್ ಪೆಟ್ಟಿಗೆ ಕೂತಿತ್ತು. ಬುತ್ತಿ ಆಕೆಯ ಜೊತೆ ದಡದಲ್ಲೇ ಉಳಿಯಿತು.

ಬೊಮ್ಮಕ್ಕ ಗೋಣಿ ಹಾಸಿ ಕೂರಲು ಹೇಳಿದಳು. ಈ ಅಮ್ಮ ಮಡಿಲು ಹಿಡಿದುಕೊಂಡು ಬಸುರಿಯ ಹಾಗೆ ಕೂರುವುದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ.

"ಎಷ್ಟು ಅದಾವಮ್ಮ ಒಳಗೆ?"

"ನಾಕು. ನಂದು ಬೇರೆ."

"ನಮ್ಮೋರಿಗೆ ಈ ತಾಪತ್ರಯ ಇಲ್ಲ ನೋಡ್ರಿ. ತಿನ್ನಾಕೆ ಕುಂತ್ರೆ ಬನೀನು ಬಿಚ್ಚಿ ಕೊಡ್ತಾರೆ, ಅಷ್ಟೆ. ಅದನ್ನ ನಾನು ನೆಲದ ಮ್ಯಾಲೆ ಒಗೀತೀನಿ."

ಸಿದ್ದಕ್ಕನಿಗೂ ನಗು ಬಂತು. ನಗು ಬಂದದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ಹೊತ್ತು ಏರಿತು. ಊಟಕ್ಕೆ ಮುಂಚೆ ಆಕೆ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸುವ ವಾಡಿಕೆ. ಜಾಲಿಮರದ ನೆರಳಿಗೆ ಹೋಗಿ, ಒದ್ದೆ ಬಟ್ಟೆ ಹಾಸಿ, ತನ್ನದನ್ನು ತೆಗೆದಳು. ಉಳಿದ ನಾಲ್ಕನ್ನು ಸುಮ್ಮನೆ ಬಿಡುವುದು ಹೇಗೆ? ಅವಕ್ಕೂ ಇವತ್ತು ನೀರಿಲ್ಲ, ವಿಭೂತಿಯಿಲ್ಲ. ಒಂದೊಂದನ್ನೇ ಬಿಚ್ಚಿ, ತೊಳೆದು, ವಿಭೂತಿ ಹಚ್ಚಿ, ಕಾಡುಹೂವು ಇಟ್ಟಳು. ತುಟಿಯ ಮೇಲೆ ಯಾವಾಗಲೂ ಬರುವ ಸಾಲುಗಳು ಬರಲೊಲ್ಲವು. ಬಂದರೂ ತೇಜಸ್ವಿನಿಯ ದನಿಯಲ್ಲಿ ಬಂದವು. ಪೂಜೆಯಾದ ಮೇಲೆ ಬುತ್ತಿ ಬಿಚ್ಚಿದಳು, ಮತ್ತೆ ಕಟ್ಟಿದಳು. ಎಲ್ಲರ ಜೊತೆ ಉಣ್ಣಲೆಂದು ಮಾಡಿದ್ದನ್ನು ಒಬ್ಬಳೇ ಉಣ್ಣಲು ಮನಸ್ಸು ಒಪ್ಪಲಿಲ್ಲ.

ಮಧ್ಯಾಹ್ನ ದೋಣಿ ಬಂದಾಗ ನಗು ಮೊದಲು ಬಂತು, ದೋಣಿ ಆಮೇಲೆ. ಒಂದು ದೊಡ್ಡ ಕಾಟ್ಲಾ ಮೀನನ್ನು ಗುರುರಾಜ ಕಿವಿರಿನಲ್ಲಿ ಬೆರಳು ತೂರಿಸಿ ಎತ್ತಿ ಹಿಡಿದಿದ್ದ. ಅದರ ಬಾಯಿ ಇನ್ನೂ ತೆರೆದು ಮುಚ್ಚುತ್ತಿತ್ತು. ಹೊಗೆ ಬರುತ್ತದೆ ಅಕ್ಕ, ನೀನು ಆ ಕಡೆ ಕೂತುಕೋ ಎಂದು ಶಿವಕುಮಾರಪ್ಪ ಕಾಳಜಿಯಿಂದಲೇ ಹೇಳಿ ಆಕೆಯ ಗೋಣಿಯನ್ನು ದೂರ ಹಾಕಿಸಿದ. ಎಣ್ಣೆ ಚುರ್ರೆಂದಿತು. ತೇಜಸ್ವಿನಿ ಮುಳ್ಳು ಬಿಡಿಸುವುದನ್ನು ಅವಳ ಚಿಕ್ಕಪ್ಪ ಹೇಳಿಕೊಡುತ್ತಿದ್ದ. ಹುಡುಗಿಗೆ ಅವನು ಇನ್ನೇನನ್ನಾದರೂ ಹೀಗೆ ಕೂತು ಕಲಿಸಿದ್ದನ್ನು ಸಿದ್ದಕ್ಕ ಕಂಡಿರಲಿಲ್ಲ.

ಆಕೆ ಎದ್ದಳು. ದೋಣಿ ತೊಳೆಯಲು ಬಗ್ಗಿದ್ದ ಬೀರಪ್ಪನ ಹತ್ತಿರ ಹೋಗಿ ಕೇಳಿದಳು.

"ನನ್ನನ್ನೂ ಒಂದು ಸುತ್ತು ಕರ್ಕಂಡು ಹೋಗ್ತೀಯೇನಪ್ಪ?"

"ಅದಕ್ಕೇನಮ್ಮ, ದಿನದ ಬಾಡಿಗೆ ಐತೆ. ಹತ್ರಿ. ತೊಳೆದಿಲ್ಲ ನೋಡ್ರಿ ಮತ್ತೆ."

"ಪರವಾಗಿಲ್ಲ."

ಮುಂದಿನ ಜಾಗದಲ್ಲಿ ಕೂತಳು. ಕಾಲಡಿಯ ನೀರಿನಲ್ಲಿ ರಕ್ತ ಕದಡಿತ್ತು; ಹಲಗೆಯ ಮೇಲೆ ಮೀನಿನ ಹುರುಪೆಗಳು ಕಾಸಿನ ಹಾಗೆ ಅಂಟಿದ್ದವು. ಸೀರೆಯ ಅಂಚು ಎತ್ತಿ ಮಡಿಲ ಮೇಲೆ ಸುತ್ತಿಕೊಂಡಳು. ಇಂಜಿನ್ ಸದ್ದು ಕೇಳಿ ದಡದಲ್ಲಿ ಯಾರೋ ತಿರುಗಿ ನೋಡಿದ್ದು ಕಂಡಿತು. ಅಷ್ಟರಲ್ಲಿ ದೋಣಿ ಜಾಲಿಮರಗಳನ್ನು ದಾಟಿತ್ತು.

ನಡುನೀರಿಗೆ ಬಂದ ಮೇಲೆ ಬೀರಪ್ಪ ಇಂಜಿನ್ ಆರಿಸಿದ. ಸುತ್ತ ನೀರು ಬಿಟ್ಟರೆ ಏನೂ ಇಲ್ಲ. ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಬಂದದ್ದು ಇದನ್ನೇ. ಈಗ ಏನೋ ಆಗಬೇಕು ಎಂದು ಆಕೆ ಕಾದಳು. ಮೂಗಿಗೆ ಹೊಲಸು ಬಡಿಯಿತು. ಬಿಸಿಲು ನೀರಿನ ಮೇಲಿಂದ ಎದ್ದು ಕಣ್ಣಿಗೆ ಹೊಡೆಯಿತು. ಬೇರೇನೂ ಆಗಲಿಲ್ಲ.

ದಡದಿಂದ ಕೂಗು ಕೇಳಿತು. ಗುರುರಾಜ ಮೊಣಕಾಲುದ್ದ ನೀರಿಗೆ ಇಳಿದು ಎರಡೂ ಕೈ ಬೀಸುತ್ತಿದ್ದ. ಅವನ ಹಿಂದೆ ಅಣ್ಣ, ರೇಣುಕಾ, ಹುಡುಗಿ. ನೀರಿನ ಮೇಲೆ ದನಿ ಜಾರಿಕೊಂಡು ಬರುತ್ತದೆ. ಪ್ರತಿಯೊಂದು ಅಕ್ಷರವೂ ಬಂತು.

"ಲಿಂಗ... ಲಿಂಗ ಹುಷಾರು... ಗಟ್ಟಿ ಹಿಡ್ಕ..."

ಬೀರಪ್ಪ ಕಿವಿಗೆ ಕೈ ಕೊಟ್ಟು ಆಲಿಸಿದ. "ನಿಮ್ಮ ಹೆಸರು ಹಿಡಿದು ಕೂಗ್ತಾವ್ರೇನಮ್ಮ?"

"ಇಲ್ಲಪ್ಪ. ನನ್ನ ಹೆಸರು ಸಿದ್ದಕ್ಕ."

ಆ ನೀರಿನ ಮೇಲೆ ಆಕೆ ಇನ್ನೊಂದು ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತಳು. ಅಕ್ಕ ಎಂಬ ಶಬ್ದ ಒಂದು ಸಲವಾದರೂ ಬಂದೀತು ಎಂದು. ಅವರು ನಾಲ್ವರೂ ಕೂಗಿದರು, ಬಿಡದೆ ಕೂಗಿದರು, ಅದೊಂದು ಬರಲಿಲ್ಲ. ಮಡಿಲನ್ನು ನೀರಿನ ಮೇಲೆ ಕೊಡವಿಬಿಡಬೇಕು ಎಂಬ ಯೋಚನೆ ಆಕೆಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಬಂದ ಕೂಡಲೇ ಸೆರಗನ್ನು ಇನ್ನಷ್ಟು ಬಿಗಿ ಹಿಡಿದಳು. ತಿರುಗಿಸಪ್ಪ ಎಂದಳು.

ದೋಣಿ ದಡಕ್ಕೆ ತಾಕಿದಾಗ ಗುರುರಾಜ ಕೈ ಚಾಚಿದ. ಇಳಿಸಿಕೊಳ್ಳುವುದಕ್ಕೆ ಎಂದು ಆಕೆ ತನ್ನ ಕೈ ಕೊಡಲು ಹೋದಳು. ಅವನ ಕೈ ಮಡಿಲಿನ ಗಂಟಿನ ಕಡೆ ಹೋಗಿತ್ತು. ಸಿದ್ದಕ್ಕ ಒಬ್ಬಳೇ ಇಳಿದಳು. ದಡದ ಮೇಲಿನ ಒಂದು ಚಪ್ಪಟೆ ಕಲ್ಲನ್ನು ಸೆರಗಿನಿಂದ ಒರೆಸಿ, ನಾಲ್ಕೂ ಲಿಂಗಗಳನ್ನು ಅದರ ಮೇಲೆ ಸಾಲಾಗಿ ಇಟ್ಟಳು.

"ನಿಮ್ಮ ನಿಮ್ಮವು ತಗಳ್ರಿ."

ಯಾರೂ ಕದಲಲಿಲ್ಲ. ಎಲ್ಲರ ಬೆರಳಿಗೂ ಎಣ್ಣೆ, ಮಸಾಲೆ. ಗುರುರಾಜ ತನ್ನ ಅಂಗೈಯನ್ನು ತಾನೇ ನೋಡಿಕೊಂಡ. ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡ ಮೇಲೆ ತೆಗೆದುಕೊಳ್ಳುತ್ತೇವೆ, ಅಲ್ಲಿಯವರೆಗೆ ನಿನ್ನ ಹತ್ತಿರವೇ ಇರಲಿ ಎಂದು ಶಿವಕುಮಾರಪ್ಪ ಮೆತ್ತಗೆ ಹೇಳಿದ. ನನ್ನ ಹತ್ತಿರ ಇರುವುದಿಲ್ಲ ಎಂದು ಸಿದ್ದಕ್ಕ ಅಷ್ಟೇ ಮೆತ್ತಗೆ ಹೇಳಿದಳು. ಹುಟ್ಟಿದಾಗಿನಿಂದ ಅಕ್ಕನ ಬಾಯಲ್ಲಿ ಆ ಮಾತು ಕೇಳಿರದ ಶಿವಕುಮಾರಪ್ಪನ ಮುಖ ಗಟ್ಟಿಯಾಯಿತು.

"ಮತ್ತೆ ನಿನ್ನನ್ನ ಕರ್ಕಂಡು ಬಂದಿದ್ದು ಯಾಕೆ?"

ಬೊಮ್ಮಕ್ಕ ಸೌಟು ಹಿಡಿದುಕೊಂಡೇ ನಿಂತಿದ್ದಳು. ಬೇಕಾದರೆ ನಾನೇ ಒಂದು ಬಟ್ಟೆಯಲ್ಲಿ ಎತ್ತಿಡಲೇನ್ರಿ ಎಂದು ಅವಳು ಕೇಳಿದ್ದಕ್ಕೆ ಬೇಡ ಬೇಡ ಎಂದು ಇಬ್ಬರು ಒಟ್ಟಿಗೆ ಹೇಳಿದರು. ಅಡುಗೆ ಅವಳದಾಗಬಹುದು, ಇದನ್ನು ಮುಟ್ಟಬಾರದು. ಅವಳು ಮುಖ ತಿರುಗಿಸಿ ಒಲೆಗೆ ಸೌದೆ ತುರುಕಿದಳು.

ಸಿದ್ದಕ್ಕ ಬುತ್ತಿಯ ಚೀಲ ಎತ್ತಿಕೊಂಡು ಕಾರಿನ ಕಡೆ ನಡೆದಳು. ಅವರು ಹಿಂದೆ ಬರಲಿಲ್ಲ. ಕರೆಯಲೂ ಇಲ್ಲ. ಮತ್ತೆ ಎಲೆಯ ಮುಂದೆ ಹೋಗಿ ಕೂತರು. ಒಂದು ನಾಯಿ ನೀರಿನ ಅಂಚಿನಲ್ಲಿ ಮೀನಿನ ಕರುಳು ಎಳೆದಾಡುತ್ತ ಕಲ್ಲಿನ ಹತ್ತಿರ ಹತ್ತಿರಕ್ಕೆ ಬಂತು. ಕಾರಿನ ಬಾಗಿಲ ಹಿಡಿ ಹಿಡಿದು ಸಿದ್ದಕ್ಕ ನೋಡುತ್ತಿದ್ದಳು. ನಾಯಿ ಕಲ್ಲನ್ನು ಮೂಸಿತು.

ಆಕೆ ಓಡಿಬಂದಳು. ಅಷ್ಟು ವಯಸ್ಸಿನಲ್ಲಿ ಓಡಬಾರದ ಹಾಗೆ ಓಡಿಬಂದು, ನಾಯಿಯನ್ನು ಅಟ್ಟಿ, ನಾಲ್ಕನ್ನೂ ಎತ್ತಿ ಎದೆಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿದಳು. ಊಟದ ಸಾಲಿನಿಂದ ಒಬ್ಬರೂ ಎದ್ದಿರಲಿಲ್ಲ. ಎತ್ತಿಕೊಳ್ಳುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಇದಕ್ಕಿಂತ ಅವರು ತನ್ನನ್ನು ಹೊಡೆದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಆಕೆಗೆ.

ವಾಪಸು ಬರುವಾಗ ಕಾರಿನಲ್ಲಿ ಯಾರೂ ಹಾಡು ಹಾಕಲಿಲ್ಲ. ಊರು ಹತ್ತಿರವಾದಾಗ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಪಕ್ಕದಲ್ಲೇ ಇನ್ನೊಂದು ಕಾರು ಬಂದು ನಿಂತಿತು. ಅದರಿಂದ ಇಳಿದವನು ಕಾಟಲಿಂಗಪ್ಪ; ಭಕ್ತರ ಸಮಿತಿಯ ಹಿರಿಯ, ಶಿವಕುಮಾರಪ್ಪನ ಪಕ್ಕದ ಕುರ್ಚಿಯವನು. ಶಿವಕುಮಾರಪ್ಪನ ಕೈ ಸರಕ್ಕನೆ ಕೊರಳಿಗೆ ಹೋಯಿತು. ಮುಖ ತಿರುಗಿಸದೆ, ಸೀಟಿನ ಹಿಂದಕ್ಕೆ ಅಂಗೈ ಚಾಚಿದ.

"ನಂದು ಕೊಡು. ಬೇಗ."

ಸಿದ್ದಕ್ಕ ಆ ಅಂಗೈ ನೋಡಿದಳು. ಉಗುರಿನ ಸಂದಿಯಲ್ಲಿ ಇನ್ನೂ ಅರಿಶಿನ ಕೆಂಪು. ಕೊಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಮಡಿಲಲ್ಲಿ ಹರಡಿ, ನಾಲ್ಕೂ ಕಾಣುವ ಹಾಗೆ ಇಟ್ಟುಕೊಂಡು ಕೂತಳು. ಕಾಟಲಿಂಗಪ್ಪ ನೋಡಲಿ. ತಾನಾಗಿ ಒಂದು ಮಾತೂ ಆಡುವುದಿಲ್ಲ, ಆದರೆ ಮುಚ್ಚುವುದೂ ಇಲ್ಲ. ಈ ಮನೆಯಲ್ಲಿ ಆಕೆ ಯಾವುದನ್ನಾದರೂ ಮುಚ್ಚದೆ ಬಿಟ್ಟದ್ದು ಅದೇ ಮೊದಲು.

ಕಾಟಲಿಂಗಪ್ಪ ಕಿಟಕಿಗೆ ಬಗ್ಗಿದ. ಶರಣು ಹೇಳಿದ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ. ಹಿನ್ನೀರಿಗೆ ಎಂದು ಗುರುರಾಜ ಹೇಳಿದ. ಕಾಟಲಿಂಗಪ್ಪನ ಕಣ್ಣು ಒಬ್ಬೊಬ್ಬರ ಕೊರಳಿನ ಮೇಲೂ ಹೋಗಿ, ಕೊನೆಗೆ ಸ್ವಲ್ಪ ಹಿಂದಕ್ಕೆ ಸರಿದು ಸಿದ್ದಕ್ಕನ ಮಡಿಲಲ್ಲಿ ನಿಂತಿತು. ಸಿದ್ದಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

ಕಾಟಲಿಂಗಪ್ಪ ಅತ್ತಿತ್ತ ನೋಡಿ, ದನಿ ತಗ್ಗಿಸಿ, ನಕ್ಕ.

"ಪುಣ್ಯ ಮಾಡಿದೀಯ ಶಿವಕುಮಾರಪ್ಪ, ಮನೇಲಿ ಇಂಥಾ ಅಕ್ಕ ಅದಾಳೆ. ನಾನು ಹೋದಾಗೆಲ್ಲ ಕಾರಿನ ಡಬ್ಬಿಯಾಗೆ ಇಟ್ಟು ಎದೆ ಡವಡವ ಅಂತಿರ್ತೈತೆ. ಮುಂದಿನ ಸರಿ ಹೋಗುವಾಗ ನನಗೂ ಒಂದು ಫೋನ್ ಮಾಡಪ್ಪ. ನಂದೂ ಒಂದು ಅಕ್ಕಾರ ಮಡಿಲಾಗೆ ಇರ್ಲಿ."

ಮೊದಲು ರೇಣುಕಾ ನಕ್ಕಳು. ಆಮೇಲೆ ಶಿವಕುಮಾರಪ್ಪ, ಕಟ್ಟಿಹಾಕಿದ್ದ ಉಸಿರನ್ನೆಲ್ಲ ಬಿಟ್ಟು ನಕ್ಕ. ತೇಜಸ್ವಿನಿಯೂ ನಕ್ಕಳು. ಗುರುರಾಜ ಕಿಟಕಿಯಿಂದ ಅರ್ಧ ಹೊರಗೆ ಬಂದು ಕಾಟಲಿಂಗಪ್ಪನ ಕೈ ಹಿಡಿದುಕೊಂಡ.

"ಅದಕ್ಕೇನ್ರಿ, ಬರ್ರಿ. ದೋಣಿಯಾಗೆ ಒಂದು ಜಾಗ ಖಾಲಿನೇ ಐತೆ."